ಆಡಳಿತದ ಮುಕ್ತತೆಗೆ ಅಳತೆಗೋಲು: ಶ್ರೇಯಾಂಕ ಪಟ್ಟಿಗಳು ಮತ್ತು ತಾಲೂಕಿನ ವಾಸ್ತವ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವ್ಯಾಪಾರೋದ್ಯಮದ ದೃಷ್ಟಿಯಿಂದ ಒಂದು ಅಧ್ಯಯನ)

ವ್ಯಾಪಾರಿಯ ಅಂಗಡಿಯಲ್ಲಿರುವ ತಕ್ಕಡಿಗೆ ನಿಯತಕಾಲಕ್ಕೆ ಸರ್ಕಾರದ ಮುದ್ರೆ ಬೀಳಲೇಬೇಕು. ಮುದ್ರೆಯಿಲ್ಲದ ತೂಕದ ಕಲ್ಲು ಕಂಡುಬಂದರೆ ದಂಡ ತೆರಬೇಕಾಗುತ್ತದೆ. ಆದರೆ ಸರ್ಕಾರ ಎಷ್ಟು ಮುಕ್ತವಾಗಿದೆ, ಅದರ ಕಚೇರಿಗಳು ಎಷ್ಟು ಮಾಹಿತಿಯನ್ನು ಜನರ ಮುಂದಿಡುತ್ತವೆ ಎಂಬುದನ್ನು ತೂಗುವ ತಕ್ಕಡಿಗಳು ಇಂದು ಹಲವಾರಿದ್ದು, ಅವುಗಳಿಗೆ ಮುದ್ರೆ ಹಾಕುವ ಪ್ರಾಧಿಕಾರ ಯಾವುದೂ ಇಲ್ಲ. ಒಂದು ಸೂಚ್ಯಂಕದಲ್ಲಿ ದೇಶವು ಮೇಲೇರಿದ ಸುದ್ದಿ ಬಂದ ವರ್ಷವೇ ಮತ್ತೊಂದರಲ್ಲಿ ಕೆಳಗಿಳಿದ ಸುದ್ದಿಯೂ ಬರುವುದುಂಟು. ಈ ಪಟ್ಟಿಗಳನ್ನು ಆಧರಿಸಿ ಸರ್ಕಾರಗಳು ತಮ್ಮ ಬೆನ್ನು ತಟ್ಟಿಕೊಳ್ಳುತ್ತವೆ, ವಿರೋಧ ಪಕ್ಷಗಳು ಟೀಕಿಸುತ್ತವೆ, ಬಂಡವಾಳ ಹೂಡುವವರು ತಮ್ಮ ನಿರ್ಧಾರಗಳಲ್ಲಿ ಅವುಗಳನ್ನು ಪರಿಗಣಿಸುತ್ತಾರೆ. ಆದ್ದರಿಂದ ಈ ಅಳತೆಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ವಾಣಿಜ್ಯ ವಲಯವು ಅರಿತಿರುವುದು ಅವಶ್ಯಕವಾಗಿದೆ.

ಅಳತೆಯ ನಾಲ್ಕು ಬಗೆಗಳು

ಸರ್ಕಾರದ ಮುಕ್ತತೆಯನ್ನು ಅಳೆಯುವ ಪದ್ಧತಿಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು ಕಾನೂನಿನ ಅಳತೆ. ಇದರಲ್ಲಿ ಶಾಸನದ ಪಠ್ಯವನ್ನು ಓದಿ ಅಂಕ ನೀಡಲಾಗುತ್ತದೆ. ಎರಡನೆಯದು ದತ್ತಾಂಶದ ಅಳತೆ. ಸರ್ಕಾರವು ಅಂತರಜಾಲದಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಮಾಣ ಹಾಗೂ ಸ್ವರೂಪವನ್ನು ಇಲ್ಲಿ ಪರೀಕ್ಷಿಸಲಾಗುತ್ತದೆ. ಮೂರನೆಯದು ಅಭಿಪ್ರಾಯದ ಅಳತೆ. ತಜ್ಞರು ಮತ್ತು ಉದ್ಯಮಿಗಳು ಒಂದು ದೇಶದ ಬಗ್ಗೆ ಹೊಂದಿರುವ ಭಾವನೆಯನ್ನು ಇದು ಸಂಗ್ರಹಿಸುತ್ತದೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯು 1995ರಿಂದ ಪ್ರಕಟಿಸುತ್ತಿರುವ ಭ್ರಷ್ಟಾಚಾರ ಗ್ರಹಿಕೆ ಸೂಚ್ಯಂಕವು ಈ ವರ್ಗಕ್ಕೆ ಸೇರುತ್ತದೆ. ನಾಲ್ಕನೆಯದು ಅನುಭವದ ಅಳತೆ. ಕಚೇರಿಯ ಮುಂದೆ ನಿಂತವರಿಗೆ ಕೆಲಸವಾಯಿತೇ, ಎಷ್ಟು ದಿನಕ್ಕೆ ಆಯಿತು, ಎಷ್ಟು ವೆಚ್ಚವಾಯಿತು ಎಂದು ನೇರವಾಗಿ ಕೇಳುವ ಪದ್ಧತಿ ಇದು. ಡಾ. ಸ್ಯಾಮ್ಯುಯೆಲ್ ಪಾಲ್ ಅವರು 1990ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ನಾಗರಿಕ ವರದಿ ಪತ್ರವು ಈ ಪದ್ಧತಿಗೆ ಜಗತ್ತಿನಾದ್ಯಂತ ಮಾದರಿಯಾಯಿತು. ಅವರು 1994ರಲ್ಲಿ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯು 2016ರಿಂದ ರಾಜ್ಯಗಳಿಗೂ ಶ್ರೇಯಾಂಕ ನೀಡತೊಡಗಿತು. ಆ ಮೊದಲ ಪಟ್ಟಿಯಲ್ಲಿ ಕೇರಳ, ತಮಿಳುನಾಡುಗಳ ನಂತರ ಕರ್ನಾಟಕವು 3ನೆಯ ಸ್ಥಾನ ಪಡೆದಿತ್ತು.

ಈ ನಾಲ್ಕೂ ಅಳತೆಗಳು ಒಂದೇ ಫಲಿತಾಂಶ ನೀಡಬೇಕೆಂಬ ನಿಯಮವಿಲ್ಲ. ಕಾನೂನು ಉತ್ತಮವಾಗಿದ್ದು ಅನುಭವ ಕಹಿಯಾಗಿರಬಹುದು. ಜಾಲತಾಣ ಸೊಗಸಾಗಿದ್ದು ಅದರೊಳಗಿನ ಮಾಹಿತಿ ಹಳೆಯದಾಗಿರಬಹುದು. ಈ ಕುರಿತ ಸಾರ್ವಜನಿಕ ಚರ್ಚೆಯ ಮೂಲ ಇರುವುದು ಇಲ್ಲಿಯೇ.

ಕಾನೂನಿಗೆ ಅಂಕ: ಒಂದು ಎಚ್ಚರಿಕೆಯ ಉದಾಹರಣೆ

ಮಾಹಿತಿ ಹಕ್ಕಿನ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬರುವುದಕ್ಕೆ ಮುನ್ನವೇ, 2000ದಲ್ಲಿ, ರಾಜ್ಯವು ತನ್ನದೇ ಮಾಹಿತಿ ಹಕ್ಕು ಅಧಿನಿಯಮವನ್ನು ರೂಪಿಸಿತ್ತು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 1999ರಲ್ಲಿಯೇ ಬಂದಿತು.

ಜಗತ್ತಿನ ಮಾಹಿತಿ ಹಕ್ಕು ಕಾನೂನುಗಳಿಗೆ ಅಂಕ ನೀಡುವ ಪಟ್ಟಿಯೊಂದನ್ನು ಕೆನಡಾದ ಕಾನೂನು ಮತ್ತು ಪ್ರಜಾಪ್ರಭುತ್ವ ಕೇಂದ್ರ ಹಾಗೂ ಯುರೋಪಿನ ಆಕ್ಸೆಸ್ ಇನ್ಫೋ ಸಂಸ್ಥೆಗಳು 2011ರಲ್ಲಿ ಆರಂಭಿಸಿದವು. 61 ಸೂಚಕಗಳಿಗೆ ಒಟ್ಟು 150 ಅಂಕಗಳು. ಆರಂಭದ ಪಟ್ಟಿಯಲ್ಲಿ ಭಾರತವು ಮೊದಲ ಮೂರು ಸ್ಥಾನಗಳೊಳಗಿತ್ತು. 2018ರ ಹೊತ್ತಿಗೆ 6ನೆಯ ಸ್ಥಾನಕ್ಕೆ ಇಳಿಯಿತು. ಆಗ "ಭಾರತದ ಮುಕ್ತತೆ ಕುಸಿಯಿತು" ಎಂಬ ವ್ಯಾಖ್ಯಾನಗಳು ಕೇಳಿಬಂದವು. ವಾಸ್ತವದಲ್ಲಿ ಆ ಅವಧಿಯಲ್ಲಿ ಬದಲಾದದ್ದು ಮುಖ್ಯವಾಗಿ ಇತರ ದೇಶಗಳ ಕಾನೂನು. ಹೊಸದಾಗಿ ಕಾನೂನು ಮಾಡಿದ ದೇಶಗಳು ಹೆಚ್ಚು ಅಂಕ ಪಡೆದುದರಿಂದ ಭಾರತದ ಸ್ಥಾನ ಕೆಳಗೆ ಸರಿಯಿತು.

ಇನ್ನೂ ಗಂಭೀರವಾದ ಸಂಗತಿಯೆಂದರೆ, 2018ರಲ್ಲಿ ಈ ಪಟ್ಟಿಯ ಪ್ರಥಮ ಸ್ಥಾನ ದೊರೆತದ್ದು ಅಫ್ಘಾನಿಸ್ತಾನದ ಹೊಸ ಕಾನೂನಿಗೆ, 139 ಅಂಕಗಳೊಡನೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರ ಹಿಡಿದ ನಂತರ ಆ ದೇಶದಲ್ಲಿ ಮಾಹಿತಿಯ ಸ್ಥಿತಿ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ. ಪಟ್ಟಿ ತಯಾರಿಸಿದವರು ಸುಳ್ಳು ಹೇಳಿರಲಿಲ್ಲ; ತಮ್ಮದು ಕಾನೂನಿನ ಪಠ್ಯದ ಅಳತೆಯೇ ಹೊರತು ಅನುಷ್ಠಾನದ ಅಳತೆಯಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದರು. ಓದುವವರು ಆ ಮಾತನ್ನು ಮರೆತರು.

ಕಾನೂನಿಗೂ ಅನುಷ್ಠಾನಕ್ಕೂ ಇರುವ ಅಂತರವನ್ನು ನಮ್ಮ ರಾಜ್ಯದಲ್ಲಿಯೇ ಕಾಣಬಹುದು. ಸತರ್ಕ್ ನಾಗರಿಕ್ ಸಂಘಟನ್ ಸಂಸ್ಥೆಯ ವರದಿಯ ಪ್ರಕಾರ 2023ರ ಜೂನ್ 30ಕ್ಕೆ ದೇಶದ ಮಾಹಿತಿ ಆಯೋಗಗಳ ಮುಂದೆ 3,21,537 ಮೇಲ್ಮನವಿ ಹಾಗೂ ದೂರುಗಳು ಬಾಕಿ ಇದ್ದವು. ಮಹಾರಾಷ್ಟ್ರದ 1,15,524ರ ನಂತರ ಎರಡನೆಯ ಅತಿ ದೊಡ್ಡ ಸಂಖ್ಯೆ ಕರ್ನಾಟಕದ್ದು: 41,047. ಕಾನೂನು 30 ದಿನಗಳಲ್ಲಿ ಮಾಹಿತಿ ಎನ್ನುತ್ತದೆ. ಎರಡನೆಯ ಮೇಲ್ಮನವಿಗೆ ಹೋದವನ ಕಾಯುವಿಕೆ ಕಾನೂನಿನ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅಂತೆಯೇ 2008ರಲ್ಲಿ ರಾಜ್ಯದ ನಿಯಮಗಳಿಗೆ ಸೇರಿದ ಷರತ್ತು, ಅಂದರೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂಬುದು, ದೇಶದ ಒಟ್ಟು ಅಂಕದಲ್ಲಿ ಅಡಗಿಹೋಗುತ್ತದೆ. ಬೆಳಗಾವಿಯಲ್ಲಿ ರಾಜ್ಯ ಮಾಹಿತಿ ಆಯೋಗದ ಪೀಠವಿರುವುದರಿಂದ ಈ ಭಾಗದ ಅರ್ಜಿದಾರರಿಗೆ ಬೆಂಗಳೂರಿನ ಪ್ರಯಾಣ ತಪ್ಪಿದೆ. ಇದು ನಿಜವಾದ ಅನುಕೂಲವಾದರೂ ಅದಕ್ಕೂ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ.

ಕಾಣುವ ಮಾಹಿತಿ ಮತ್ತು ಮುಕ್ತ ಮಾಹಿತಿ

ದತ್ತಾಂಶದ ಅಳತೆಗಳಲ್ಲಿ ಹೆಸರಾದುದು ಓಪನ್ ನಾಲೆಜ್ ಸಂಸ್ಥೆಯ ಜಾಗತಿಕ ಮುಕ್ತ ದತ್ತಾಂಶ ಸೂಚ್ಯಂಕ. ಇದರ 2015ರ ಪಟ್ಟಿಯಲ್ಲಿ ಭಾರತವು 122 ಪ್ರದೇಶಗಳ ಪೈಕಿ 17ನೆಯದಾಗಿತ್ತು. ಮುಂದಿನ, ಅಂದರೆ 2016-17ರ ಪಟ್ಟಿಯಲ್ಲಿ 94ರ ಪೈಕಿ 32ನೆಯದಾಯಿತು. ಎರಡು ಪಟ್ಟಿಗಳ ನಡುವೆ ಪರೀಕ್ಷಿಸುವ ವಿಷಯಗಳೂ ವಿಧಾನವೂ ಬದಲಾಗಿದ್ದವು. ಕೊಳಗ ಬದಲಿಸಿ ಅಳೆದ ಧಾನ್ಯವನ್ನು ಹಿಂದಿನ ವರ್ಷದ ರಾಶಿಯೊಡನೆ ಹೋಲಿಸುವುದು ಹೇಗೆ ಸರಿಯಲ್ಲವೋ, ಈ ಎರಡು ಸ್ಥಾನಗಳ ಹೋಲಿಕೆಯೂ ಹಾಗೆಯೇ ಸರಿಯಲ್ಲ.

ಈ ಸೂಚ್ಯಂಕವು ಪರೀಕ್ಷಿಸಿದ ವಿಷಯಗಳಲ್ಲಿ ಭೂ ಒಡೆತನದ ದಾಖಲೆಯೂ ಒಂದು. ಈ ವಿಷಯದಲ್ಲಿ ಕರ್ನಾಟಕದ "ಭೂಮಿ" ಯೋಜನೆಯ ಉದಾಹರಣೆ ಬೋಧಪ್ರದವಾಗಿದೆ. ಸುಮಾರು 2 ಕೋಟಿ ಪಹಣಿಗಳನ್ನು, ಅಂದಾಜು 67 ಲಕ್ಷ ರೈತರಿಗೆ ಸಂಬಂಧಿಸಿದ ದಾಖಲೆಗಳನ್ನು, ಈ ಶತಮಾನದ ಆರಂಭದ ವರ್ಷಗಳಲ್ಲಿ ಗಣಕೀಕರಿಸಿ ತಾಲೂಕು ಕೇಂದ್ರಗಳಲ್ಲಿ ಪ್ರತಿಗೆ 15 ರೂ. ಶುಲ್ಕದಂತೆ ನೀಡುವ ವ್ಯವಸ್ಥೆ ಬಂದಾಗ ಅದು ದೇಶಕ್ಕೇ ಮಾದರಿಯೆನಿಸಿತು. ಗ್ರಾಮ ಲೆಕ್ಕಿಗರ ಮುಂದೆ ಕಾಯುವ ಕಾಲ ಹೋಯಿತು. ಇಂದು ಯಾರಾದರೂ ಸರ್ವೆ ನಂಬರು ತಿಳಿದಿದ್ದರೆ ಪಹಣಿಯನ್ನು ನೋಡಬಹುದು. ಆದರೆ ಒಂದೊಂದಾಗಿ ನೋಡಲು ಸಿಗುವುದು ಬೇರೆ, ಒಂದು ಹೋಬಳಿಯ ಸಮಗ್ರ ದತ್ತಾಂಶವನ್ನು ಪಡೆದು ವಿಶ್ಲೇಷಿಸಲು ಸಾಧ್ಯವಾಗುವುದು ಬೇರೆ. ಮುಕ್ತ ದತ್ತಾಂಶದ ಅಳತೆಗೋಲು ಎರಡನೆಯದನ್ನು ಕೇಳುತ್ತದೆ. ಗೋಕಾಕದ ರೈತನಿಗೆ ಮೊದಲನೆಯದು ಸಾಕು. ಇಬ್ಬರ ಅಂಕಗಳೂ ಭಿನ್ನವಾಗುವುದು ಸಹಜ.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಂಗಳೂರಿನ ಸುತ್ತಮುತ್ತ ಭೂಮಿ ಯೋಜನೆಯಿಂದ ದಾಖಲೆಗಳು ಸುಲಭವಾಗಿ ದೊರೆತದ್ದರ ಲಾಭ ಹೆಚ್ಚಾಗಿ ದೊಡ್ಡ ಭೂ ವ್ಯವಹಾರಸ್ಥರಿಗೆ ಸಂದಿತು ಎಂದು ವಾದಿಸಿತು. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ "ಮಾಹಿತಿ ಎಷ್ಟು ತೆರೆದಿದೆ" ಎಂಬ ಪ್ರಶ್ನೆಯ ಜೊತೆಗೆ "ತೆರೆದ ಮಾಹಿತಿಯನ್ನು ಯಾರು ಬಳಸಬಲ್ಲರು" ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬ ಪಾಠ ಅದರಿಂದ ದೊರೆಯಿತು.

ಉದ್ಯಮ ಸುಗಮತೆಯ ಪಟ್ಟಿಗಳು

ವಾಣಿಜ್ಯ ವಲಯಕ್ಕೆ ಚಿರಪರಿಚಿತವಾದ ಶ್ರೇಯಾಂಕವೆಂದರೆ ವಿಶ್ವ ಬ್ಯಾಂಕಿನ ಉದ್ಯಮ ಸುಗಮತೆಯ ವರದಿ. ಭಾರತವು 2015ರ ವರದಿಯಲ್ಲಿನ 142ನೆಯ ಸ್ಥಾನದಿಂದ 2020ರ ವರದಿಯಲ್ಲಿ 63ಕ್ಕೆ ಏರಿತು. ಈ ಏರಿಕೆಯ ಹಿಂದೆ ನಿಜವಾದ ಸುಧಾರಣೆಗಳಿದ್ದವು. ಆದರೆ ಭಾರತಕ್ಕಾಗಿ ಮಾಹಿತಿ ಸಂಗ್ರಹಿಸಿದ್ದು ಮುಂಬಯಿ ಮತ್ತು ದೆಹಲಿ ನಗರಗಳಲ್ಲಿ ಮಾತ್ರ. ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಗೆ ಪರವಾನಗಿ ಎಷ್ಟು ದಿನಕ್ಕೆ ದೊರೆಯಿತು, ಗೋಕಾಕದ ಕರದಂಟು ತಯಾರಕನಿಗೆ ವಿದ್ಯುತ್ ಸಂಪರ್ಕ ಎಷ್ಟು ಬೇಗ ಸಿಕ್ಕಿತು ಎಂಬುದು ಆ 63ರೊಳಗೆ ಎಲ್ಲಿಯೂ ಇರಲಿಲ್ಲ. ಕಡೆಗೆ ಆ ವರದಿಯ 2018 ಮತ್ತು 2020ರ ಆವೃತ್ತಿಗಳಲ್ಲಿ ಕೆಲವು ದೇಶಗಳ ಅಂಕಿ ಅಂಶಗಳನ್ನು ತಿದ್ದಿದ್ದು ಬೆಳಕಿಗೆ ಬಂದು, 2021ರ ಸೆಪ್ಟೆಂಬರ್ 16ರಂದು ವಿಶ್ವ ಬ್ಯಾಂಕ್ ಈ ಪ್ರಕಟಣೆಯನ್ನೇ ನಿಲ್ಲಿಸಿತು.

ರಾಜ್ಯಗಳ ಮಟ್ಟದಲ್ಲಿ ಕೇಂದ್ರ ಸರ್ಕಾರವು ನಡೆಸಿದ ಉದ್ಯಮ ಸುಧಾರಣಾ ಕ್ರಿಯಾ ಯೋಜನೆಯ ಶ್ರೇಯಾಂಕದಲ್ಲಿ ಮಾಹಿತಿ ಲಭ್ಯತೆ ಮತ್ತು ಪಾರದರ್ಶಕತೆಯೂ ಒಂದು ವಿಭಾಗ. ಇದರಲ್ಲಿ ಕರ್ನಾಟಕದ ಇತಿಹಾಸವನ್ನು ಪಾಠದಂತೆ ಓದಬಹುದು:

2015ರಲ್ಲಿ ಶೇ. 48.50 ಅಂಕ, 9ನೆಯ ಸ್ಥಾನ.
2016ರಲ್ಲಿ ಶೇ. 88.39 ಅಂಕ, 13ನೆಯ ಸ್ಥಾನ.
2018ರ ಜುಲೈನಲ್ಲಿ ಪ್ರಕಟವಾದ ಪಟ್ಟಿಯಲ್ಲಿ 8ನೆಯ ಸ್ಥಾನ.
2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ, 2019ರ ಪಟ್ಟಿಯಲ್ಲಿ 17ನೆಯ ಸ್ಥಾನ.

ಮೊದಲ ಎರಡು ಸಾಲುಗಳಲ್ಲಿ ಅಂಕ ಬಹುತೇಕ ಇಮ್ಮಡಿಯಾಗಿದ್ದರೂ ಸ್ಥಾನ ನಾಲ್ಕು ಮೆಟ್ಟಿಲು ಇಳಿದಿದೆ. ಇತರ ರಾಜ್ಯಗಳು ಇನ್ನೂ ವೇಗವಾಗಿ ಅಂಕ ಗಳಿಸಿದ್ದೇ ಕಾರಣ. ಜೊತೆಗೆ ಪ್ರಶ್ನೆಗಳ ಸಂಖ್ಯೆಯೂ 98 ಅಂಶಗಳಿಂದ 340ಕ್ಕೆ ಏರಿತ್ತು. ಕೊನೆಯ ಎರಡು ಸಾಲುಗಳ ನಡುವೆ ಬದಲಾದದ್ದು ಅಳತೆಗೋಲು. ಮೊದಲು ರಾಜ್ಯ ಸರ್ಕಾರಗಳು ಸಲ್ಲಿಸಿದ ದಾಖಲೆಗಳಿಗೆ ಪ್ರಾಮುಖ್ಯತೆ ಇತ್ತು. 2019ರ ಪಟ್ಟಿಯಲ್ಲಿ ಶ್ರೇಯಾಂಕವು ಪೂರ್ಣವಾಗಿ ಬಳಕೆದಾರರ ಅಭಿಪ್ರಾಯವನ್ನು ಅವಲಂಬಿಸಿತು. ಸರ್ಕಾರವು "ಸುಧಾರಣೆ ಮಾಡಲಾಗಿದೆ" ಎಂದು ಹೇಳುವುದಕ್ಕೂ ಉದ್ಯಮಿಯು "ಸುಧಾರಣೆ ತಲುಪಿದೆ" ಎಂದು ಹೇಳುವುದಕ್ಕೂ ನಡುವೆ ಎಷ್ಟು ಅಂತರವಿರಬಹುದೆಂಬುದಕ್ಕೆ ಇದು ಸೂಚನೆ. ನಂತರ 2022ರ ಜೂನ್‌ನಲ್ಲಿ ಪ್ರಕಟವಾದ 2020ರ ಮೌಲ್ಯಮಾಪನದಲ್ಲಿ ಕೇಂದ್ರ ಸರ್ಕಾರವೇ ಸಂಖ್ಯಾ ಸ್ಥಾನಗಳನ್ನು ಕೈಬಿಟ್ಟು ರಾಜ್ಯಗಳನ್ನು ವರ್ಗಗಳಾಗಿ ವಿಂಗಡಿಸಿತು. ಕರ್ನಾಟಕವು ಅತ್ಯುನ್ನತ ಸಾಧಕರ ವರ್ಗದಲ್ಲಿ ಸೇರಿತು.

ತಾಲೂಕಿಗೆ ಬಂದಾಗ: ಸಕಾಲ ಮತ್ತು ಮೂಡಲಗಿ

ತಾಲೂಕುಗಳ ಮಟ್ಟದಲ್ಲಿ ಆಡಳಿತಕ್ಕೆ ಶ್ರೇಯಾಂಕ ನೀಡಿದ ದೊಡ್ಡ ಪ್ರಯತ್ನ ಕರ್ನಾಟಕದ "ಸಕಾಲ". 2011ರ ನಾಗರಿಕ ಸೇವಾ ಖಾತರಿ ಅಧಿನಿಯಮದಡಿ, 11 ಇಲಾಖೆಗಳ 151 ಸೇವೆಗಳೊಂದಿಗೆ, 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಇದು ಜಾರಿಗೆ ಬಂದಿತು. ವಿಳಂಬಕ್ಕೆ ದಿನಕ್ಕೆ 20 ರೂ., ಗರಿಷ್ಠ 500 ರೂ. ಪರಿಹಾರದ ಅವಕಾಶವಿದೆ. ಜನಸಂಖ್ಯೆಯ ಪ್ರತಿ ಲಕ್ಷಕ್ಕೆ ಬಂದ ಅರ್ಜಿಗಳು ಮತ್ತು ಕಾಲಮಿತಿಯಲ್ಲಿ ಆದ ವಿಲೇವಾರಿಯನ್ನು ಆಧರಿಸಿ ಜಿಲ್ಲೆ ಹಾಗೂ ತಾಲೂಕುಗಳಿಗೆ ತಿಂಗಳ ಶ್ರೇಯಾಂಕ ನೀಡುವ ಪದ್ಧತಿ ರೂಢಿಗೆ ಬಂದಿತು. ತಹಶೀಲ್ದಾರರ ಮಟ್ಟದಲ್ಲಿ ಸ್ಪರ್ಧೆಯ ಮನೋಭಾವ ಮೂಡಿಸಿದ್ದು ಇದರ ನಿಸ್ಸಂದೇಹವಾದ ಸಾಧನೆ.

ಆದರೆ ಈ ಅಳತೆಯೊಳಗೆ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಅರ್ಜಿಯನ್ನು ತಿರಸ್ಕರಿಸಿದರೂ ಅದು ವಿಲೇವಾರಿಯೇ. ಕಾಲಮಿತಿ ಮುಗಿಯುವ ಮುನ್ನ ಅರ್ಜಿಯನ್ನು ತಿರಸ್ಕರಿಸಿದ ಕಚೇರಿಯೂ ಕೆಲಸ ಮಾಡಿಕೊಟ್ಟ ಕಚೇರಿಯೂ ಸಮಯಪಾಲನೆಯ ಲೆಕ್ಕದಲ್ಲಿ ಸಮಾನ. ಆದ್ದರಿಂದ ವಿಲೇವಾರಿಯ ಶೇಕಡಾವಾರಿನ ಪಕ್ಕದಲ್ಲಿ ತಿರಸ್ಕಾರದ ಶೇಕಡಾವಾರನ್ನೂ ಓದಬೇಕು.

ಎರಡನೆಯದು ಜನಸಂಖ್ಯೆಯ ಛೇದ. ಮೂಡಲಗಿ ತಾಲೂಕು ಗೋಕಾಕ ತಾಲೂಕಿನಿಂದ ಬೇರ್ಪಟ್ಟು 2018ರಲ್ಲಿ ಅಸ್ತಿತ್ವಕ್ಕೆ ಬಂದಿತು. 2011ರ ಜನಗಣತಿಯ ಪುಸ್ತಕದಲ್ಲಿ ಮೂಡಲಗಿ ಎಂಬ ತಾಲೂಕೇ ಇಲ್ಲ. ಅದರ ಹಳ್ಳಿಗಳೆಲ್ಲ ಗೋಕಾಕದ ಲೆಕ್ಕದಲ್ಲಿವೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1 ಅದರ ಉಲ್ಲೇಖ ದಿನಾಂಕವೆಂದು ನಿಗದಿಯಾಯಿತು. ಹೀಗಾಗಿ ಮೂಡಲಗಿಯ ತಲಾ ಲೆಕ್ಕಕ್ಕೆ ಹಳ್ಳಿಗಳ ಸಂಖ್ಯೆಗಳನ್ನು ಒಂದೊಂದಾಗಿ ಕೂಡಬೇಕು. ಹಳೆಯ ಗೋಕಾಕದ ಜನಸಂಖ್ಯೆಯಿಂದ ಹೊಸ ಗೋಕಾಕದ ಅರ್ಜಿಗಳನ್ನು ಭಾಗಿಸಿದರೆ ಗೋಕಾಕದ ಸಾಧನೆ ಅನ್ಯಾಯವಾಗಿ ಕುಗ್ಗುತ್ತದೆ. 2017ರ ಗೋಕಾಕವನ್ನು 2019ರ ಗೋಕಾಕದೊಡನೆ ಹೋಲಿಸುವ ಯಾವ ಕೋಷ್ಟಕವನ್ನಾದರೂ, ಅದು ತೆರಿಗೆಯದಾಗಲಿ ನೋಂದಣಿಯದಾಗಲಿ, ಈ ಒಂದು ಕಾರಣಕ್ಕೆ ಎಚ್ಚರದಿಂದ ನೋಡಬೇಕು. ಗಡಿ ಬದಲಾಗದ ಹುಕ್ಕೇರಿಗೆ ಈ ತೊಡಕಿಲ್ಲ. ಮೂರೂ ತಾಲೂಕುಗಳನ್ನು ಒಂದೇ ಪಟ್ಟಿಯಲ್ಲಿಟ್ಟಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಪಟ್ಟಿಗೆ ಸಿಗದ ಕ್ಷೇತ್ರ: ಕಬ್ಬು ಮತ್ತು ಸಹಕಾರ

ಈ ಮೂರು ತಾಲೂಕುಗಳ ಹಣದ ಹರಿವು ಬಹುಮಟ್ಟಿಗೆ ಘಟಪ್ರಭೆಯ ನೀರನ್ನೂ ಕಬ್ಬನ್ನೂ ಅವಲಂಬಿಸಿದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ 51 ಟಿಎಂಸಿ ಸಾಮರ್ಥ್ಯ, 2,175 ಅಡಿಗಳ ಪೂರ್ಣ ಮಟ್ಟ, ದಿನದ ಒಳಹರಿವು, ಹೊರಹರಿವುಗಳು ಮಳೆಗಾಲದಲ್ಲಿ ಪ್ರತಿದಿನವೂ ಪ್ರಕಟವಾಗುತ್ತವೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೆ ಪ್ರವಾಹದ ನೀರು ನುಗ್ಗಿದ ನಂತರ ಈ ಅಂಕಿಗಳ ಬೆಲೆ ನದಿ ದಂಡೆಯ ಅಂಗಡಿಕಾರರಿಗೆಲ್ಲ ಗೊತ್ತಾಗಿದೆ. ಸಕಾಲದಲ್ಲಿ, ಅರ್ಥವಾಗುವಂತೆ, ಎಲ್ಲರಿಗೂ ಸಿಗುವ ಮಾಹಿತಿಯೆಂದರೆ ಹೀಗಿರಬೇಕು.

ಕಬ್ಬಿನ ವಿಷಯದಲ್ಲಿ ಸ್ಥಿತಿ ಹೀಗಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂ. ದರ ಕೋರಿ ಆರಂಭವಾದ ರೈತರ ಧರಣಿ ರಾಜ್ಯದ ಗಮನ ಸೆಳೆಯಿತು; ನವೆಂಬರ್ 7ರಂದು ಸರ್ಕಾರವು 3,300 ರೂ. ದರವನ್ನು ಪ್ರಕಟಿಸಿತು. ಇಂತಹ ವಿವಾದಗಳ ಕೇಂದ್ರದಲ್ಲಿ ಇಳುವರಿಯ ಅಂಕಿ ಇರುತ್ತದೆ. 2025-26ರ ಹಂಗಾಮಿಗೆ ಕೇಂದ್ರವು ನಿಗದಿಪಡಿಸಿದ ನ್ಯಾಯೋಚಿತ ಮತ್ತು ಲಾಭದಾಯಕ ದರ, ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂ.; ಅದಕ್ಕೂ ಮೇಲಿನ ಪ್ರತಿ ಶೇ. 0.1ಕ್ಕೆ 3.46 ರೂ. ಹೆಚ್ಚುವರಿ. ಅಂದರೆ ಇಳುವರಿಯ ಅಂಕಿ ಶೇ. 1ರಷ್ಟು ಮೇಲೆ ಅಥವಾ ಕೆಳಗೆ ಸರಿದರೆ ಟನ್ನಿಗೆ 346 ರೂ. ವ್ಯತ್ಯಾಸ. ಆ ಹಣ ರೈತನ ಕೈ ಸೇರಿದರೆ ಗೋಕಾಕದ ಬಟ್ಟೆ ಅಂಗಡಿಯಲ್ಲಿ, ಹುಕ್ಕೇರಿಯ ಗೊಬ್ಬರದ ಅಂಗಡಿಯಲ್ಲಿ ವಹಿವಾಟಾಗುತ್ತದೆ. ಇಳುವರಿಯನ್ನು ಯಾರು ಅಳೆದರು, ಹೇಗೆ ಅಳೆದರು, ಅದು ಎಲ್ಲಿ ಪ್ರಕಟವಾಯಿತು ಎಂಬ ಪ್ರಶ್ನೆ ಜಾಗತಿಕ ಮುಕ್ತತೆಯ ಯಾವ ಸೂಚ್ಯಂಕದಲ್ಲಿಯೂ ಇಲ್ಲ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಕಾರ್ಖಾನೆಗಳು ಖಾಸಗಿ ಅಥವಾ ಸಹಕಾರಿ ಒಡೆತನದವು. ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ 2013ರ ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯವು, ಸರ್ಕಾರದ ಗಣನೀಯ ಹಣಕಾಸು ಅಥವಾ ನಿಯಂತ್ರಣವಿಲ್ಲದ ಸಹಕಾರ ಸಂಘಗಳು ಮಾಹಿತಿ ಹಕ್ಕು ಅಧಿನಿಯಮದ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ತೀರ್ಪಿತ್ತಿತು. ಸಹಕಾರ ಸಂಸ್ಥೆಗಳು ಹೆಜ್ಜೆ ಹೆಜ್ಜೆಗೂ ಇರುವ ಬೆಳಗಾವಿ ಜಿಲ್ಲೆಗೆ ಈ ತೀರ್ಪು ಬಹು ಮುಖ್ಯ. ಆದರೆ ಅದೇ ತೀರ್ಪು ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಅಧಿನಿಯಮದ 2(ಎಫ್) ಪ್ರಕರಣದಂತೆ, ಬೇರೆ ಕಾನೂನಿನ ಅಡಿಯಲ್ಲಿ ಸಾರ್ವಜನಿಕ ಪ್ರಾಧಿಕಾರವೊಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನು ಆ ಪ್ರಾಧಿಕಾರದಿಂದ ಕೇಳಬಹುದು, ಅಧಿನಿಯಮದ ವಿನಾಯಿತಿಗಳಿಗೆ ಒಳಪಟ್ಟು. ಸಹಕಾರ ಸಂಘದ ವಿಷಯವನ್ನು ಸಹಕಾರ ಸಂಘಗಳ ನಿಬಂಧಕರಲ್ಲಿಯೂ ಕಾರ್ಖಾನೆಯ ಇಳುವರಿಯನ್ನು ಕಬ್ಬು ಮತ್ತು ಸಕ್ಕರೆ ಆಯುಕ್ತರಲ್ಲಿಯೂ ಕೇಳುವ ಮಾರ್ಗ ಹೀಗೆ ಉಳಿದಿದೆ.

ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಮತ್ತೊಂದು ಬಗೆಯ ಉದಾಹರಣೆ. 1969ರಲ್ಲಿ ಸ್ಥಾಪಿತವಾದ ಈ ಸಂಘವು ರಾಜ್ಯದಲ್ಲಿ ಗ್ರಾಹಕರಿಗೆ ವಿದ್ಯುತ್ ವಿತರಿಸುವ ಏಕೈಕ ಸಹಕಾರ ಸಂಘ. ವಿತರಣಾ ಪರವಾನಗಿ ಹೊಂದಿರುವುದರಿಂದ ಅದರ ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ಆದೇಶಗಳ ಮೂಲಕ ನಿರ್ಧರಿಸುತ್ತದೆ. ಇಲ್ಲಿ ಮುಕ್ತತೆ ಬರುವುದು ಮಾಹಿತಿ ಹಕ್ಕಿನ ಅರ್ಜಿಯಿಂದಲ್ಲ, ನಿಯಂತ್ರಣ ಕಾನೂನಿನಿಂದ. ಅರ್ಜಿಗಳನ್ನು ಮಾತ್ರ ಎಣಿಸುವ ಸೂಚ್ಯಂಕವು ಇದನ್ನು ಕಾಣಲಾರದು.

ಶ್ರೇಯಾಂಕವೇ ಬೇಡವೆ?

ಇಷ್ಟೆಲ್ಲ ದೋಷಗಳಿರುವಾಗ ಪಟ್ಟಿಗಳನ್ನೇ ಕೈಬಿಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಅದು ಸರಿಯಾದ ತೀರ್ಮಾನವಾಗಲಾರದು. ಅಳೆಯದಿದ್ದರೆ ಸುಧಾರಿಸುವ ಒತ್ತಡವೇ ಇರುವುದಿಲ್ಲ. ಕೇಂದ್ರ ಮಾಹಿತಿ ಆಯೋಗಕ್ಕೆ 2018ರಲ್ಲಿ ಸಲ್ಲಿಕೆಯಾದ ಪಾರದರ್ಶಕತಾ ಪರಿಶೋಧನೆಯಲ್ಲಿ 2,092 ಪ್ರಾಧಿಕಾರಗಳ ಪೈಕಿ ಪ್ರತಿಕ್ರಿಯಿಸಿದ್ದು 838 ಮಾತ್ರ. ಆ ಮೌನವೂ ಒಂದು ಫಲಿತಾಂಶವೇ. ಪರಿಶೋಧನೆ ನಡೆಯದಿದ್ದರೆ ಅದು ತಿಳಿಯುತ್ತಿರಲಿಲ್ಲ. ದೋಷವಿರುವುದು ಅಳೆಯುವುದರಲ್ಲಲ್ಲ, ಹಲವು ಅಂಶಗಳನ್ನು ಒಂದೇ ಸಂಖ್ಯೆಯಾಗಿ ಕುಗ್ಗಿಸಿ ಆ ಸಂಖ್ಯೆಯನ್ನು ಮಾತ್ರ ಓದುವುದರಲ್ಲಿ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. "ಅ" ಕಚೇರಿಗೆ ಮಾಹಿತಿ ಪ್ರಕಟಣೆಯಲ್ಲಿ 80, ಸಮಯಪಾಲನೆಯಲ್ಲಿ 40 ಅಂಕ. "ಬ" ಕಚೇರಿಗೆ ಕ್ರಮವಾಗಿ 50 ಮತ್ತು 75 ಅಂಕ ಎಂದಿಟ್ಟುಕೊಳ್ಳೋಣ. ಎರಡಕ್ಕೂ ಸಮಾನ ತೂಕ ಕೊಟ್ಟರೆ "ಅ"ಗೆ 60, "ಬ"ಗೆ 62.5; "ಬ" ಪ್ರಥಮ. ಪ್ರಕಟಣೆಗೆ ಶೇ. 60, ಸಮಯಕ್ಕೆ ಶೇ. 40 ತೂಕ ಕೊಟ್ಟರೆ "ಅ"ಗೆ 64, "ಬ"ಗೆ 60, "ಅ" ಪ್ರಥಮ. ಎರಡೂ ಕಚೇರಿಗಳಲ್ಲಿ ಒಂದು ಕಾಗದವೂ ಸ್ಥಳ ಬದಲಿಸಿಲ್ಲ. ಬದಲಾದದ್ದು ತೂಕದ ಕಲ್ಲು ಮಾತ್ರ.

ತಾಲೂಕಿಗೊಂದು ಅಳತೆ: ಸಾಧ್ಯವಾದ ವಿಧಾನ

ವ್ಯಾಪಾರಿ ಸಂಘಟನೆಗಳು ತಮ್ಮ ತಾಲೂಕಿನ ಕಚೇರಿಗಳ ಮುಕ್ತತೆಯನ್ನು ತಾವೇ ಅಳೆಯಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಮಾಹಿತಿ ಹಕ್ಕು ಅಧಿನಿಯಮದ 4(1)(ಬಿ) ಪ್ರಕರಣವು ಪ್ರತಿ ಕಚೇರಿಯೂ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಅಂಶಗಳನ್ನು ಪಟ್ಟಿ ಮಾಡಿದೆ. ಆಯವ್ಯಯ, ಸಹಾಯಧನದ ಫಲಾನುಭವಿಗಳು, ಪರವಾನಗಿ ಪಡೆದವರ ವಿವರ, ಅಧಿಕಾರಿಗಳ ಪಟ್ಟಿ, ಮಾಹಿತಿ ಅಧಿಕಾರಿಯ ಹೆಸರು ಇವುಗಳಲ್ಲಿ ಸೇರಿವೆ. ಕಾನೂನೇ ಕೊಟ್ಟ ಈ ಪಟ್ಟಿಗಿಂತ ಉತ್ತಮ ಅಳತೆಗೋಲು ಬೇರೆ ಬೇಕಿಲ್ಲ. ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ಮೂರೂ ತಾಲೂಕುಗಳಲ್ಲಿ ಒಂದೇ ಬಗೆಯ ಕಚೇರಿಗಳನ್ನು ಆರಿಸಿಕೊಳ್ಳುವುದು: ತಹಶೀಲ್ದಾರ್ ಕಚೇರಿ, ತಾಲೂಕು ಪಂಚಾಯತಿ, ಗೋಕಾಕದ ನಗರಸಭೆ ಹಾಗೂ ಮೂಡಲಗಿ, ಹುಕ್ಕೇರಿಗಳ ಪುರಸಭೆ ಇತ್ಯಾದಿ.

2. 17 ಅಂಶಗಳಲ್ಲಿ ಎಷ್ಟು ಪ್ರಕಟವಾಗಿವೆ ಎಂಬುದರ ಜೊತೆಗೆ ಎಷ್ಟು ಚಾಲ್ತಿ ವರ್ಷದವು ಎಂಬುದನ್ನೂ ಪ್ರತ್ಯೇಕವಾಗಿ ಗುರುತಿಸುವುದು. 12 ಅಂಶಗಳು ಪ್ರಕಟವಾಗಿದ್ದು 5 ಮಾತ್ರ ಈ ವರ್ಷದವಾಗಿದ್ದರೆ, ಮೊದಲ ಅಂಕ ಶೇ. 71, ಎರಡನೆಯದು ಶೇ. 29. ಎರಡನ್ನೂ ಹೇಳಬೇಕು.

3. ಎಲ್ಲ ಕಚೇರಿಗಳಿಗೂ ಒಂದೇ ಸರಳ ಪ್ರಶ್ನೆಯ ಅರ್ಜಿಯನ್ನು ಒಂದೇ ದಿನ ಸಲ್ಲಿಸಿ ಉತ್ತರ ಬಂದ ದಿನಗಳನ್ನು ಎಣಿಸುವುದು. ಉತ್ತರ ಬಂದಿತೆಂಬುದನ್ನೂ ಉತ್ತರ ಉಪಯುಕ್ತವಾಗಿತ್ತೆಂಬುದನ್ನೂ ಬೇರೆ ಬೇರೆಯಾಗಿ ನಮೂದಿಸುವುದು.

4. ಸಕಾಲದ ಅಂಕಿಗಳನ್ನು ಬಳಸುವಾಗ ತಿರಸ್ಕಾರದ ಪ್ರಮಾಣವನ್ನು ಸೇರಿಸುವುದು. ಮೂಡಲಗಿ ಮತ್ತು ಗೋಕಾಕಗಳ ಜನಸಂಖ್ಯೆಯನ್ನು ಇಂದಿನ ಗಡಿಗೆ ಹೊಂದಿಸಿಕೊಳ್ಳುವುದು.

5. 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ "ಮಾಹಿತಿ ಕಣಜ" ಜಾಲತಾಣದಲ್ಲಿ ಕಾಣುವ ಪಡಿತರ, ಉದ್ಯೋಗ ಖಾತರಿ ಮುಂತಾದ ವಿವರಗಳನ್ನು ಒಂದೆರಡು ಗ್ರಾಮಗಳಲ್ಲಿ ಸ್ಥಳೀಯವಾಗಿ ತಾಳೆ ನೋಡುವುದು.

6. ಫಲಿತಾಂಶವನ್ನು ಪ್ರಕಟಿಸುವ ಮುನ್ನ ಕಚೇರಿಗೆ ವಿವರಣೆಯ ಅವಕಾಶ ನೀಡುವುದು. ಆರು ತಿಂಗಳ ನಂತರ ಅದೇ ಅಳತೆಗೋಲಿನಿಂದ ಮತ್ತೆ ಅಳೆಯುವುದು.

ಈ ವಿಧಾನದಲ್ಲಿ ಸ್ಥಾನಗಳನ್ನು ಘೋಷಿಸುವುದು ಕಡ್ಡಾಯವಲ್ಲ. ಕಚೇರಿಯು ತನ್ನ ಹಿಂದಿನ ಅಂಕಕ್ಕಿಂತ ಮುಂದೆ ಬಂದಿದೆಯೇ ಎಂಬುದೇ ಮುಖ್ಯ. ಪಕ್ಕದ ತಾಲೂಕನ್ನು ಹಿಂದಿಕ್ಕುವ ಉತ್ಸಾಹದಲ್ಲಿ ಅಂಕಿಗಳನ್ನು ತಿದ್ದುವ ಪ್ರಲೋಭನೆ ಬರುತ್ತದೆಂಬುದನ್ನು ವಿಶ್ವ ಬ್ಯಾಂಕಿನ ಪ್ರಕರಣವೇ ತೋರಿಸಿದೆ.

ಉಪಸಂಹಾರ

ಮಾಹಿತಿಯ ಕಾನೂನು ಚೌಕಟ್ಟು ಸ್ಥಿರವಾಗಿ ನಿಂತಿಲ್ಲ. 2019ರ ತಿದ್ದುಪಡಿಯು ಮಾಹಿತಿ ಆಯುಕ್ತರ ಅಧಿಕಾರಾವಧಿ ಮತ್ತು ವೇತನವನ್ನು ನಿರ್ಧರಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ವಿನಾಯಿತಿಯನ್ನು ವಿಸ್ತರಿಸಿದೆ. ಸಹಾಯಧನ ಪಡೆದವರ ಪಟ್ಟಿ, ಗುತ್ತಿಗೆ ಪಡೆದವರ ಹೆಸರು ಮುಂತಾದವು ಇನ್ನು ಮುಂದೆ ಎಷ್ಟರಮಟ್ಟಿಗೆ ದೊರೆಯಬಲ್ಲವು ಎಂಬ ಚರ್ಚೆ ಇದರಿಂದ ಎದ್ದಿದೆ. ಪ್ರಾಮಾಣಿಕವಾಗಿ ಟೆಂಡರು ಹಾಕುವ ಸಣ್ಣ ಗುತ್ತಿಗೆದಾರನಿಗೆ ಈ ಪಟ್ಟಿಗಳೇ ರಕ್ಷಣೆ. ಇವು ಮರೆಯಾದರೆ ಅದರ ಪರಿಣಾಮ ದೇಶದ ಶ್ರೇಯಾಂಕದಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ತಾಲೂಕಿನ ಸೂಚನಾ ಫಲಕದಲ್ಲಿ ಕಾಣಿಸಿಕೊಳ್ಳುತ್ತದೆ.

ಆದಕಾರಣ ಶ್ರೇಯಾಂಕದ ಸುದ್ದಿ ಬಂದಾಗಲೆಲ್ಲ ವಾಣಿಜ್ಯ ಬಂಧುಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಅಳೆದದ್ದು ಕಾನೂನನ್ನೋ ಜಾಲತಾಣವನ್ನೋ ಅಭಿಪ್ರಾಯವನ್ನೋ ಅನುಭವವನ್ನೋ? ಉತ್ತರ ಕೊಟ್ಟವರು ಯಾರು? ಅಳೆದದ್ದು ಎಲ್ಲಿ? ಹಿಂದಿನ ವರ್ಷವೂ ಇದೇ ಅಳತೆಗೋಲಿತ್ತೆ? ಈ ನಾಲ್ಕಕ್ಕೂ ಉತ್ತರ ಸಿಗದ ಪಟ್ಟಿಯನ್ನು ಮುದ್ರೆಯಿಲ್ಲದ ತಕ್ಕಡಿಯಂತೆಯೇ ಪರಿಗಣಿಸಬೇಕು. ಉತ್ತರ ಸಿಗುವ ಅಳತೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ವ್ಯಾಪಾರಿ ಸಂಘಟನೆಗಳು ತಾವೇ ಸಿದ್ಧಪಡಿಸಿಕೊಳ್ಳಲು ಬೇಕಾದ ಕಾನೂನು, ದಾಖಲೆ ಮತ್ತು ಕಚೇರಿಗಳೆಲ್ಲವೂ ಅವುಗಳ ಕೈಗೆಟಕುವಷ್ಟು ಹತ್ತಿರದಲ್ಲಿಯೇ ಇವೆ.